ಹೊಗೆ ಹಿಡಿದ ತೊಲೆ, ಒಳಗೆ ಬೀಟೆ

ಸಾಗರದ ಹತ್ತಿರ ನಮ್ಮೂರಿನ ಹಳೇ ಮನೆಯ ಹಿಂಭಾಗ ಬಿಚ್ಚಿಸಬೇಕು ಅಂತ ಮೂರು ವರ್ಷದಿಂದ ಮಾತಾಗುತ್ತಿತ್ತು. ಗೆದ್ದಲು ಒಂದು ಗೋಡೆಯನ್ನೇ ತಿಂದ ಮೇಲೆ ಬೇರೆ ದಾರಿ ಉಳಿಯಲಿಲ್ಲ. ಅಡಿಕೆ ಕೊಯ್ಲು ಮುಗಿದ ಮೇಲೆ ಕೆಲಸ ಶುರುವಾಯಿತು. ನಾನು ಬೆಂಗಳೂರಿನಿಂದ ಎರಡು ವಾರ ರಜೆ ಹಾಕಿ ಬಂದಿದ್ದೆ.

ಹಂಚು, ರೀಪು ಇಳಿಸಿದ ಮೇಲೆ ಅಂಗಳದಲ್ಲಿ ಮೂರು ದೊಡ್ಡ ಮರದ ತುಂಡುಗಳು ಬಿದ್ದಿದ್ದವು. ಎರಡು ಅಟ್ಟದ ತೊಲೆ. ಒಂದು ಅಡುಗೆಮನೆ ಬಾಗಿಲಿನ ದಾರಂದ. ಎಷ್ಟೋ ವರ್ಷ ಒಲೆಯ ಹೊಗೆ ಕುಡಿದು ಮೂರೂ ಒಂದೇ ಬಣ್ಣ, ಕಪ್ಪು. ಕೈ ಇಟ್ಟರೆ ಮಸಿ.

ಅಪ್ಪಯ್ಯ ಹೇಳಿದರು, "ಎರಡೂ ತೊಲೆ ಬೀಟೆ. ನಮ್ಮಜ್ಜನೇ ಹಾಕಿಸಿದ್ದು." ಮರುದಿನ ಹಳೇ ಮರ ಕೊಳ್ಳುವವರೊಬ್ಬರು ಬಂದರು. ತೊಲೆಯ ಮೇಲೆ ಉಗುರಲ್ಲಿ ಗೀಚಿ, "ಎಲ್ಲಾ ಮತ್ತಿ ಸ್ವಾಮಿ. ಬೀಟೆ ಎಲ್ಲಿಂದ ಬಂತು? ಮೂರಕ್ಕೂ ಸೇರಿಸಿ ಒಂದು ರೇಟು ಕೊಡ್ತೀನಿ" ಅಂದರು. ಅವರು ಹೇಳಿದ ಹಣ ಸೌದೆಯ ಬೆಲೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನಾಳೆ ಹೇಳುತ್ತೇವೆ ಅಂದು ಕಳಿಸಿದೆ.

ನಾನು ಆರು ವರ್ಷದಿಂದ ರಜೆ ದಿನಗಳಲ್ಲಿ ಮರಗೆಲಸ ಮಾಡುತ್ತಿದ್ದೇನೆ. ಸಣ್ಣ ಸ್ಟೂಲು, ಪುಸ್ತಕದ ಹಲಗೆ, ಪೆಟ್ಟಿಗೆ. ಹೆಚ್ಚಾಗಿ ತೇಗ, ಹಲಸು. ಬೀಟೆ ಮುಟ್ಟಿರಲಿಲ್ಲ. ಅಪ್ಪಯ್ಯನಿಗೆ ಒಂದು ಕವಳದ, ಅಂದರೆ ಎಲೆ ಅಡಿಕೆಯ, ಪೆಟ್ಟಿಗೆ ಮಾಡಿಕೊಡಬೇಕು ಅಂತ ಬಹಳ ದಿನದಿಂದ ಮನಸ್ಸಿತ್ತು. ಮನೆಯ ಮರದಲ್ಲೇ ಆದರೆ ಇನ್ನೂ ಒಳ್ಳೆಯದು ಅಲ್ವಾ? ಆದರೆ ಯಾವ ಮರ ಅಂತ ತಿಳಿಯದೆ ಗರಗಸ ಇಡಲು ನನಗೆ ಇಷ್ಟ ಇರಲಿಲ್ಲ. ಪ್ರತಿ ಮರಕ್ಕೂ ಅದರದೇ ಹಟ ಇರುತ್ತದೆ. ಒಂದು ಉಳಿಯನ್ನು ಕೆಡಿಸುತ್ತದೆ, ಇನ್ನೊಂದು ಅಂಟು ಹಿಡಿಯುವುದಿಲ್ಲ. ಹೆಸರು ತಿಳಿದರೆ ಆ ಹಟವೂ ಅರ್ಧ ತಿಳಿದ ಹಾಗೆ.

ಮೊದಲು ಮಾಡಿದ್ದು ತೂಕ. ಮೂರರ ತುದಿಯಿಂದಲೂ ಒಂದೊಂದು ಚೂರು ಕೊಯ್ದೆ. ಎರಡು ತೊಲೆಯ ಚೂರುಗಳನ್ನು 10 ಸೆಂಟಿಮೀಟರ್ ಉದ್ದ, 5 ಅಗಲ, 2 ದಪ್ಪಕ್ಕೆ ಸರಿಯಾಗಿ ತಂದೆ. ಅಂದರೆ ಒಂದೊಂದೂ 100 ಘನ ಸೆಂಟಿಮೀಟರ್. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟರೆ ಒಂದು 87 ಗ್ರಾಂ, ಇನ್ನೊಂದು 84 ಗ್ರಾಂ. ತೇಗ ಆಗಿದ್ದರೆ 65ರ ಆಸುಪಾಸು ಇರಬೇಕಿತ್ತು. ಹಾಗಾಗಿ ತೇಗ ಅಲ್ಲ ಅನ್ನುವುದು ತಿಳಿಯಿತು. ಆದರೆ ಬೀಟೆಯೂ ಮತ್ತಿಯೂ ತೂಕದಲ್ಲಿ ಅಕ್ಕಪಕ್ಕವೇ. ಮೂರು ಗ್ರಾಂ ವ್ಯತ್ಯಾಸದ ಮೇಲೆ ಏನೂ ಹೇಳುವಂತಿಲ್ಲ.

ಬಣ್ಣದ್ದೂ ಅದೇ ಕಥೆ. ಮಸಿ ಕೆರೆದ ಮೇಲೆ ಎರಡೂ ತೊಲೆಯಲ್ಲಿ ಕಂದು ಬಣ್ಣ, ಅದರ ಮೇಲೆ ಕಪ್ಪು ಗೆರೆ. ಕರಿಮತ್ತಿಯಲ್ಲೂ ಆ ಗೆರೆ ಬರುತ್ತದೆ. ಕಾಡಿನಲ್ಲಿ ನಿಂತಿರುವಾಗ ಇವೆರಡನ್ನು ಯಾರೂ ತಪ್ಪಿ ಹೇಳುವುದಿಲ್ಲ. ಮತ್ತಿಯ ತೊಗಟೆ ಮೊಸಳೆ ಚರ್ಮದ ಹಾಗೆ ಚೌಕ ಚೌಕವಾಗಿ ಸೀಳಿರುತ್ತದೆ. ಬೀಟೆಯ ಎಲೆ ದುಂಡಗೆ, ಒಂದು ಕಡ್ಡಿಗೆ ಐದೋ ಏಳೋ. ಆದರೆ ತೊಲೆಗೆ ತೊಗಟೆ ಎಲ್ಲಿ, ಎಲೆ ಎಲ್ಲಿ?

ಅಡ್ಡ ಕೊಯ್ದ ಮುಖವನ್ನೇ ಕೇಳಬೇಕು. ಇದನ್ನು ನಾನು ಕಲಿತದ್ದು ನಮ್ಮೂರಿನ ಬಡಗಿ ಆಚಾರ್ರಿಂದ. ಅವರಿಗೆ ಈಗ ಎಪ್ಪತ್ತು ದಾಟಿದೆ. ಹಿಂದೆ ಒಮ್ಮೆ ಅವರ ಕೊಟ್ಟಿಗೆಯಲ್ಲಿ ನಿಂತಾಗ ಹೇಳಿದ್ದರು, "ತಮ್ಮಾ, ಹಲಗೆಯ ಮೈ ಸುಳ್ಳು ಹೇಳ್ತದೆ. ತಲೆ ಸುಳ್ಳು ಹೇಳೂದಿಲ್ಲ." ತಲೆ ಅಂದರೆ ಅಡ್ಡ ಕೊಯ್ದ ತುದಿ.

ಗರಗಸ ಕೊಯ್ದ ತುದಿಯಲ್ಲಿ ಏನೂ ಕಾಣುವುದಿಲ್ಲ, ನಾರು ಕಿತ್ತು ಮುಚ್ಚಿಹೋಗಿರುತ್ತದೆ. ಹೊಸ ಬ್ಲೇಡಿನಲ್ಲಿ, ಒಂದೇ ಎಳೆತದಲ್ಲಿ, ತೆಳ್ಳಗೆ ಸವರಬೇಕು. ಎಷ್ಟು ನುಣುಪೋ ಅಷ್ಟು ಸತ್ಯ. ಮರ ಗಟ್ಟಿ ಇದ್ದುದರಿಂದ ಮೊದಲು ಬಿಸಿನೀರಲ್ಲಿ ಸ್ವಲ್ಪ ಹೊತ್ತು ನೆನೆಸಿದೆ. ನಾಲ್ಕು ಬ್ಲೇಡು ಖರ್ಚಾದ ಮೇಲೆ ಬೆರಳಗಲದ ಒಂದು ಶುದ್ಧ ಜಾಗ ಸಿಕ್ಕಿತು. 10 ಪಟ್ಟು ದೊಡ್ಡದು ಮಾಡುವ ಭೂತಗಾಜನ್ನು ಕಣ್ಣಿಗೆ ಒತ್ತಿ ಹಿಡಿದು, ಮರವನ್ನು ಅದರ ಹತ್ತಿರ ತಂದು ಬಿಸಿಲಿಗೆ ತಿರುಗಿ ಕೂತೆ.

ಅಲ್ಲೊಂದು ಬೇರೆಯೇ ಊರಿದೆ. ಸಣ್ಣ ಸಣ್ಣ ತೂತುಗಳು. ಮರ ಜೀವಂತ ಇದ್ದಾಗ ನೀರು ಹತ್ತಿದ ಕೊಳವೆಗಳು ಅವು. ತೇಗದಲ್ಲಾದರೆ ದೊಡ್ಡ ತೂತುಗಳು ಬಳೆಯ ಹಾಗೆ ಸಾಲಾಗಿ ನಿಂತಿರುತ್ತವೆ. ಇಲ್ಲಿ ಎರಡರಲ್ಲೂ ಚೆಲ್ಲಾಪಿಲ್ಲಿ ಹರಡಿದ್ದವು. ಕೆಲವು ತೂತಿನೊಳಗೆ ಕಪ್ಪು ಅಂಟು ತುಂಬಿತ್ತು. ತೂತಿನ ಸುತ್ತ ತಿಳಿ ಬಣ್ಣದ ಅಂಚು. ಅದು ಎರಡೂ ಕಡೆ ರೆಕ್ಕೆಯ ಹಾಗೆ ಚಾಚಿ, ಪಕ್ಕದ ತೂತಿನ ರೆಕ್ಕೆಗೆ ಕೈ ಕೊಟ್ಟು ಅಲೆಅಲೆಯಾಗಿ ಹೋಗುತ್ತಿತ್ತು. ಎಷ್ಟು ಚಂದ ಅಂದರೆ, ಅರ್ಧ ಗಂಟೆ ಹೋದದ್ದೇ ತಿಳಿಯಲಿಲ್ಲ.

ತೊಂದರೆ ಏನೆಂದರೆ, ಮತ್ತಿಯಲ್ಲೂ ಈ ರೆಕ್ಕೆ ಇರುತ್ತದೆ. ಅದಕ್ಕೇ ಒಳ್ಳೆಯ ಬಡಗಿಗಳೂ ಎಡವುತ್ತಾರೆ. ಬಿಡಿಸಿ ಹೇಳುವ ಗುರುತು ಇನ್ನೊಂದು ಮುಖದಲ್ಲಿದೆ. ತೊಗಟೆಗೆ ಸಮವಾಗಿ ಸೀಳಿದ ಮೈಯನ್ನು ನಯ ಮಾಡಿ ಓರೆ ಬೆಳಕಿನಲ್ಲಿ ನೋಡಬೇಕು. ಬೀಟೆ ಇದ್ದರೆ ಅಡ್ಡಡ್ಡಕ್ಕೆ ಬಹಳ ಸಣ್ಣ ಗೆರೆಗಳು ಕಾಣುತ್ತವೆ. ನಿಂತ ಕೆರೆಯ ಮೇಲೆ ಗಾಳಿ ಬೀಸಿದಾಗ ಏಳುವ ಅಲೆಯ ಹಾಗೆ. ಒಳಗಿನ ಜೀವಕೋಶಗಳು ಮಹಡಿ ಮಹಡಿಯಾಗಿ ಜೋಡಿಸಿಕೊಂಡಿರುವುದರಿಂದ ಈ ಗೆರೆ ಬರುತ್ತದೆ. ಮತ್ತಿಯಲ್ಲಿ ಈ ಜೋಡಣೆ ಇಲ್ಲ.

87 ಗ್ರಾಂ ಚೂರಿನಲ್ಲಿ ಎಷ್ಟು ತಿರುಗಿಸಿ ನೋಡಿದರೂ ಅಲೆ ಇಲ್ಲ. 84 ಗ್ರಾಂ ಚೂರಿನಲ್ಲಿ, ಸಂಜೆಯ ಓರೆ ಬಿಸಿಲಿನಲ್ಲಿ, ಅಲೆ ಕಂಡಿತು. ಕೂಗಿ ಅಪ್ಪಯ್ಯನನ್ನು ಕರೆದೆ. ಅವರು ಕನ್ನಡಕ ಏರಿಸಿ ನೋಡಿ, "ಹೌದಲ್ಲೋ" ಅಂದರು.

ಮತ್ತೆ ಮೂಗಿನ ಪರೀಕ್ಷೆ. ಎರಡನ್ನೂ ಅರದಲ್ಲಿ ಜೋರಾಗಿ ಉಜ್ಜಿ ಬಿಸಿ ಮಾಡಿದೆ. ಮತ್ತಿಗೆ ಹೇಳಿಕೊಳ್ಳುವ ವಾಸನೆ ಇಲ್ಲ. ಇನ್ನೊಂದರಿಂದ ಸಿಹಿಯಾದ, ಸ್ವಲ್ಪ ಹೂವಿನಂಥ ಪರಿಮಳ ಬಂತು. ಅಷ್ಟು ವರ್ಷ ಹೊಗೆಯಲ್ಲಿ ನೇತಾಡಿದ ಮೇಲೂ ಒಳಗೆ ಅದು ಹಾಗೇ ಕೂತಿತ್ತು.

ದಾರಂದದ್ದು ಬೇಗ ಮುಗಿಯಿತು. ಅದರ ಹೊಟ್ಟನ್ನು ಗಾಜಿನ ಲೋಟದ ನೀರಿನಲ್ಲಿ ರಾತ್ರಿ ನೆನೆಸಿಟ್ಟೆ. ಬೆಳಿಗ್ಗೆ ನೀರು ಕಂದಾಗಿತ್ತು. ಅದನ್ನು ಬಿಸಿಲಿಗೆ ಹಿಡಿದು ಪಕ್ಕದಿಂದ ನೋಡಿದರೆ ನೀಲಿ ಹೊಳಪು. ಅದು ಹೊನ್ನೆ. ಸಕ್ಕರೆ ಕಾಯಿಲೆಯವರು ಮರದ ಲೋಟದಲ್ಲಿ ನೀರು ಇಟ್ಟು ಕುಡಿಯುತ್ತಾರಲ್ಲ, ಅದೇ ಮರ.

ಅಲ್ಲಿಗೆ ಅಪ್ಪಯ್ಯನ ಮಾತೂ ಅರ್ಧ ಸರಿ, ಕೊಳ್ಳಲು ಬಂದವರ ಮಾತೂ ಅರ್ಧ ಸರಿ. ಒಂದು ತೊಲೆ ಮತ್ತಿ, ಒಂದು ಬೀಟೆ. ನನಗೆ ಇನ್ನೂ ಖಚಿತ ಬೇಕಿತ್ತು. ಎರಡು ಸಣ್ಣ ಚೂರನ್ನು ಬೆಂಗಳೂರಿಗೆ ತಂದು ಮಲ್ಲೇಶ್ವರದ ಇನ್‌ಸ್ಟಿಟ್ಯೂಟ್ ಆಫ್ ವುಡ್ ಸೈನ್ಸ್ ಅಂಡ್ ಟೆಕ್ನಾಲಜಿಗೆ ಕೊಟ್ಟೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾಗಿ, 1988ರಲ್ಲಿ ಈ ಹೆಸರಿನ ಸಂಸ್ಥೆಯಾದ ಜಾಗ ಅದು. ಮರದ ಮಾದರಿಗಳ ದೊಡ್ಡ ಸಂಗ್ರಹವೇ ಅಲ್ಲಿದೆ. ಶುಲ್ಕ ಕಟ್ಟಿದರೆ ಚೂರನ್ನು ತೆಳ್ಳಗೆ ಸೀಳಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಯಾವ ಮರ ಅಂತ ಬರೆದು ಕೊಡುತ್ತಾರೆ. ಬಂದ ಉತ್ತರದಲ್ಲಿ ಒಂದು ಟರ್ಮಿನೇಲಿಯಾ, ಅಂದರೆ ಮತ್ತಿಯ ಕುಲ. ಇನ್ನೊಂದು ಡಾಲ್ಬರ್ಜಿಯಾ, ಅಂದರೆ ಬೀಟೆಯ ಕುಲ. ಮರದ ಕೋಶ ನೋಡಿ ಕುಲ ಹೇಳುವುದು ಸುಲಭ, ಜಾತಿ ಬಿಡಿಸುವುದು ಕಷ್ಟ. ಉತ್ತರ ಭಾರತದ ಶೀಶಂ ಕೂಡ ಡಾಲ್ಬರ್ಜಿಯಾನೇ. ಆದರೆ ಮಲೆನಾಡಿನ ಹಳೇ ಮನೆಯ ತೊಲೆಗೆ ಶೀಶಂ ಯಾರು ತಂದಾರು? ನಮ್ಮ ಕಾಡಿನದು ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ.

ಬೀಟೆ ಅಂತ ಗೊತ್ತಾದ ಕೂಡಲೇ ಜವಾಬ್ದಾರಿಯೂ ಬಂತು. ಇದು ಸುಮ್ನೆ ಹೊತ್ತುಕೊಂಡು ಓಡಾಡುವ ಮರ ಅಲ್ಲ. ಅಳಿವಿನ ಭಯ ಇರುವ ಮರಗಳ ಪಟ್ಟಿಯಲ್ಲಿ ಇದರ ಹೆಸರಿದೆ. 2017ರ ಜನವರಿ 2ರಿಂದ ಇಡೀ ಡಾಲ್ಬರ್ಜಿಯಾ ಕುಲವೇ ಸೈಟಿಸ್ ಅಡಿಯಲ್ಲಿ, ಅಂದರೆ ಅಳಿವಿನಂಚಿನ ಗಿಡ ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ ಅಡಿಯಲ್ಲಿ, ಬಂದಿದೆ. ಬ್ರೆಜಿಲ್‌ನ ಬೀಟೆಗೆ ಏನಾಯಿತು ಅಂತ ನೋಡಿದರೆ ಇದು ಅರ್ಥ ಆಗುತ್ತದೆ. ಪೀಠೋಪಕರಣಕ್ಕೆ, ಗಿಟಾರಿಗೆ ಅದೇ ಬೇಕು ಅಂತ ಕಡಿದು ಕಡಿದು ಸಿಗದ ಹಾಗಾಯಿತು. ಗಿಟಾರು ಮಾಡುವ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ನಮ್ಮ ಬೀಟೆಯ ಕಡೆ ತಿರುಗಿತು. 1992ರಲ್ಲಿ ಬ್ರೆಜಿಲ್‌ನ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರವೇ ನಿಂತಿತು. ಇವತ್ತು ಜಗತ್ತಿನ ಎಷ್ಟೋ ಗಿಟಾರುಗಳ ಬೆನ್ನು ನಮ್ಮ ಪಶ್ಚಿಮಘಟ್ಟದ ಕಡೆಯ ಮರದ್ದು. ನನಗೆ ಇದು ಹೆಮ್ಮೆಯೂ ಹೌದು, ಹೆದರಿಕೆಯೂ ಹೌದು.

ಊರಿನ ಸಾಮಿಲ್‌ನಲ್ಲಿ ಕೇಳಿದೆ. ಕಾಗದ ಇಲ್ಲದೆ ಬೀಟೆ ಕೊಯ್ಯುವುದಿಲ್ಲ ಅಂದರು. ಅದು ಸರಿಯಾದ ಮಾತೇ. ಬೆಂಗಳೂರಿಗೆ ತೊಲೆ ಸಾಗಿಸಲೂ ಅರಣ್ಯ ಇಲಾಖೆಯ ರಹದಾರಿ ಬೇಕು. ಹಾಗಾಗಿ ನಾನು ಮರವನ್ನು ಎಲ್ಲಿಗೂ ಒಯ್ಯಲಿಲ್ಲ. ನಾನೇ ಊರಿಗೆ ಬರುವುದು, ಮನೆಯ ಮರದ ಕೆಲಸ ಮನೆಯ ಅಂಗಳದಲ್ಲೇ ಮಾಡುವುದು ಅಂತ ತೀರ್ಮಾನ ಮಾಡಿದೆ. ತೊಲೆ ಕೊಳ್ಳಲು ಬಂದವರಿಗೆ ಅಪ್ಪಯ್ಯ ಫೋನಿನಲ್ಲೇ ಇಲ್ಲ ಅಂದರು.

ಮುಂದಿನ ಆರು ತಿಂಗಳು ಶನಿವಾರ ಬಂತು ಅಂದರೆ ರಾತ್ರಿ ಬಸ್ಸು ಹಿಡಿಯುತ್ತಿದ್ದೆ.

ಮೊದಲು ತೊಲೆಯ ಉದ್ದಕ್ಕೂ ಅಯಸ್ಕಾಂತ ಆಡಿಸಿದೆವು. ಹಳೇ ಮರದಲ್ಲಿ ಮೊಳೆ ಮುಳುಗಿರುತ್ತದೆ. ಏಳು ಸಿಕ್ಕವು, ಎಲ್ಲಾ ಕಿತ್ತೆವು. ಎಂಟನೆಯದು ಆಚಾರ್ರ ಗರಗಸಕ್ಕೆ ಸಿಕ್ಕಿತು, ಮೂರು ಹಲ್ಲು ಹೋಯಿತು. ನನಗೆ ಬಹಳ ಬೇಜಾರಾಯಿತು. ಅವರು ಮಾತಾಡದೆ ಅರ ತೆಗೆದುಕೊಂಡು ಹಲ್ಲು ತಿದ್ದಲು ಕೂತರು. ಅವತ್ತು ಕೆಲಸ ಅಲ್ಲಿಗೇ ಮುಗಿಯಿತು.

ತೊಲೆಯಿಂದ ನನಗೆ ಬೇಕಿದ್ದದ್ದು ಎರಡು ಅಡಿ ಉದ್ದದ ತುಂಡು ಮಾತ್ರ. ಅದನ್ನು ಕೈಯಲ್ಲೇ ಹಲಗೆಯಾಗಿ ಸೀಳಿದೆವು. ಅವರು ಒಂದು ಕಡೆ, ನಾನು ಒಂದು ಕಡೆ. ಒಂದು ಹಲಗೆಗೆ ಒಂದೂವರೆ ಗಂಟೆ ಹಿಡಿಯಿತು. ಮೊದಲ ಹಲಗೆ ಬಿಚ್ಚಿ ಬಿದ್ದಾಗ ಒಳಗಿನ ಬಣ್ಣ ನೋಡಿ ಇಬ್ಬರೂ ಸುಮ್ಮನೆ ನಿಂತೆವು. ಕಳಿತ ನೇರಳೆ ಹಣ್ಣನ್ನು ಹಿಚುಕಿದ ಹಾಗಿನ ನೇರಳೆ. ಅದರೊಳಗೆ ಕಪ್ಪು ಗೆರೆ, ನಡುವೆ ಒಂದು ಕಡೆ ಕಂದು. ಗಾಳಿ ಬೆಳಕು ತಾಗಿದ ಹಾಗೆ ಆ ನೇರಳೆ ಮೆಲ್ಲಗೆ ಕಂದಿನ ಕಡೆ ತಿರುಗುತ್ತದೆ. ಆ ಮೊದಲ ದಿನದ ಬಣ್ಣವನ್ನು ಕೊಯ್ದವರು ಮಾತ್ರ ನೋಡುತ್ತಾರೆ.

ಸೀಳಿದ ಹಲಗೆಗಳನ್ನು ನಡುವೆ ಪಟ್ಟಿ ಇಟ್ಟು ಒಂದರ ಮೇಲೊಂದು ಜೋಡಿಸಿ ಎರಡು ತಿಂಗಳು ಬಿಟ್ಟೆವು. ತೊಲೆ ಹಳೆಯದೇ. ಆದರೂ ಸೀಳಿದ ಮೇಲೆ ಒಳಗಿನ ಬಿಗಿತ ಸಡಿಲವಾಗಿ ಹಲಗೆ ಸ್ವಲ್ಪ ತಿರುಚುತ್ತದೆ. ಅದು ತಿರುಚುವುದನ್ನೆಲ್ಲ ಮುಗಿಸಿದ ಮೇಲೆಯೇ ಕೀಸಬೇಕು.

ಕೀಸುವುದು ಅಂದೆನಲ್ಲ, ಇಲ್ಲೇ ನನಗೆ ಹೆಚ್ಚು ಕಷ್ಟ ಆದದ್ದು. ಬೀಟೆಯ ನಾರು ಒಂದೇ ದಿಕ್ಕಿಗೆ ಹೋಗುವುದಿಲ್ಲ. ಒಂದು ಪದರ ಬಲಕ್ಕೆ ಓರೆ, ಮುಂದಿನ ಪದರ ಎಡಕ್ಕೆ ಓರೆ. ಕೀಸುಳಿಯನ್ನು ಯಾವ ಕಡೆಯಿಂದ ತಳ್ಳಿದರೂ ಎಲ್ಲೋ ಒಂದು ಕಡೆ ನಾರು ಕಿತ್ತು ಬರುತ್ತದೆ. ಬೆಂಗಳೂರಿನಲ್ಲಿ ತೋಪಡ ಅನ್ನುತ್ತಾರಲ್ಲ, ಅದೇ ಕೀಸುಳಿ. ಸಾಲದ್ದಕ್ಕೆ ಮರದ ತೂತುಗಳೊಳಗೆ ಸುಣ್ಣದಂಥ ಬಿಳಿ ಪುಡಿ ಕೂತಿರುತ್ತದೆ. ನೆಲದಿಂದ ಮರ ಹೀರಿಕೊಂಡ ಖನಿಜ ಅದು. ಅದಕ್ಕೆ ತಾಗಿ ಅಲಗು ಬೇಗ ಮೊಂಡಾಗುತ್ತದೆ. ತೇಗಕ್ಕೆ ದಿನಕ್ಕೆ ಎರಡು ಸಲ ಸಾಣೆ ಹಿಡಿದರೆ ಸಾಕು. ಇಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಸಾಣೆ ಕಲ್ಲಿನ ಹತ್ತಿರ ಓಡಬೇಕಾಯಿತು.

ಮೊದಲ ಹಲಗೆಯ ಮೇಲೆ ಅಕ್ಕಿಕಾಳಿನಷ್ಟು ದೊಡ್ಡ ಗುಳಿಗಳು ಬಿದ್ದವು. ಆಚಾರ್ರು ಬಂದು ಬೆರಳಾಡಿಸಿದರು.

"ಎಷ್ಟು ದಪ್ಪ ತೆಗೀತಾ ಇದ್ದೆ?"

"ತೆಳ್ಳಗೇ ತೆಗೀತಾ ಇದ್ದೆ ಆಚಾರ್ರೇ."

"ಇನ್ನೂ ತೆಳ್ಳಗೆ. ಸುರುಳಿ ಹಿಡಿದು ನೋಡಿದ್ರೆ ಆಚೆ ಕೈಬೆರಳು ಕಾಣ್ಬೇಕು."

ಅಲಗಿನ ಮೇಲಿರುವ ತಗಡನ್ನು ಅವರು ಬಿಚ್ಚಿ, ಬಾಯಿಯ ಅಂಚಿಗೆ ಕೂದಲೆಳೆಯಷ್ಟು ಹತ್ತಿರ ತಂದು ಮತ್ತೆ ಬಿಗಿದರು. ನಾರು ಏಳುವ ಮೊದಲೇ ಆ ತಗಡು ಅದನ್ನು ಬಗ್ಗಿಸಿ ಮುರಿದುಬಿಡುತ್ತದೆ, ಕೆಳಗೆ ಕಿತ್ತುಹೋಗಲು ಬಿಡುವುದಿಲ್ಲ. ಕೀಸುಳಿಯನ್ನು ನೇರ ತಳ್ಳದೆ ಸ್ವಲ್ಪ ಓರೆ ಹಿಡಿದು ತಳ್ಳಲು ಹೇಳಿದರು. ಆಮೇಲೂ ಉಳಿದ ಒರಟು ಜಾಗಗಳಿಗೆ ಅವರ ಹಳೇ ಉಪಾಯ, ಒಡೆದ ಗಾಜಿನ ಚೂರು. ಅಂಚನ್ನು ಮುಂದಕ್ಕೆ ವಾಲಿಸಿ ಮೆಲ್ಲಗೆ ಹೆರೆದರೆ ಹತ್ತಿಯಂಥ ಹೊಟ್ಟು ಬರುತ್ತದೆ. ಉಪ್ಪುಕಾಗದ ಹಾಕಿದರೆ ಈ ಹೊಳಪು ಬರುವುದಿಲ್ಲ. ನಾನು ಎರಡೂ ಮಾಡಿ ನೋಡಿದ್ದೇನೆ. ಹೆರೆದ ಮೈಯಲ್ಲಿ ಗೆರೆಗಳು ಬೆಳಗುತ್ತವೆ, ಉಜ್ಜಿದ ಮೈಯಲ್ಲಿ ಮಸುಕಾಗುತ್ತವೆ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಬೀಟೆಯ ಹುಡಿ ಕೆಲವರ ಮೈಗೆ ಆಗುವುದಿಲ್ಲ. ನನಗೂ ಆಗಲಿಲ್ಲ. ಎರಡನೇ ವಾರ ಮೊಣಕೈಯಿಂದ ಮಣಿಕಟ್ಟಿನವರೆಗೆ ಕೆಂಪು ಗುಳ್ಳೆ, ತುರಿಕೆ. ಆಮೇಲೆ ತುಂಬು ತೋಳಿನ ಅಂಗಿ, ಮಾಸ್ಕ್ ಇಲ್ಲದೆ ಕೂರಲಿಲ್ಲ. ಕೆಲಸ ಮುಗಿದ ಕೂಡಲೇ ತಣ್ಣೀರಿನಲ್ಲಿ ಕೈ ತೊಳೆಯುತ್ತಿದ್ದೆ. ಕಾಳಜಿ ಮಾಡಿ, ಇದು ಒಂದು ಸಲ ಶುರುವಾದರೆ ಮುಂದಿನ ಸಲ ಬೇಗ ಬರುತ್ತದೆ.

ಪೆಟ್ಟಿಗೆ 22 ಸೆಂಟಿಮೀಟರ್ ಉದ್ದ, 14 ಅಗಲ, 8 ಎತ್ತರ. ಒಳಗೆ ಮೂರು ಕೋಣೆ, ಎಲೆಗೆ, ಅಡಿಕೆಗೆ, ಸುಣ್ಣದ ಹಿತ್ತಾಳೆ ಡಬ್ಬಿಗೆ. ಮೂಲೆಗಳಿಗೆ ಡವ್‌ಟೇಲ್ ಕಚ್ಚು, ಪಾರಿವಾಳದ ಬಾಲದ ಹಾಗೆ ತುದಿ ಅಗಲವಾದದ್ದು. ತಳಕ್ಕೆ ಆ ಇನ್ನೊಂದು ತೊಲೆಯ ಮತ್ತಿ. ಒಂದೇ ಅಟ್ಟ ಹೊತ್ತ ಎರಡು ಮರ, ಒಂದೇ ಪೆಟ್ಟಿಗೆಯಲ್ಲಿ ಇರಲಿ ಅಂತ ನನ್ನ ಆಸೆ. ಮತ್ತಿ ಮಳೆಗಾಲದಲ್ಲಿ ಹಿಗ್ಗುತ್ತದೆ. ಹಾಗಾಗಿ ತಳವನ್ನು ಅಂಟಿಸದೆ, ಪಕ್ಕದ ಹಲಗೆಗಳಲ್ಲಿ ಕೊರೆದ ಸಾಲಿನಲ್ಲಿ ತೂರಿಸಿ, ಅಂಚಿಗೆ ಎರಡು ಮಿಲಿಮೀಟರ್ ಜಾಗ ಬಿಟ್ಟೆ.

ಅಂಟಿನ ವಿಷಯದಲ್ಲಿ ಒಂದು ಸಲ ಸೋತೆ. ಕಚ್ಚು ಬಿಗಿಯಾಗಿ ಕೂತಿತ್ತು. ಮರುದಿನ ಎಳೆದು ನೋಡಿದರೆ ಒಂದು ಮೂಲೆ ಸಲೀಸಾಗಿ ಬಿಚ್ಚಿಕೊಂಡಿತು. ಅಂಟು ಮರಕ್ಕೆ ಇಳಿದೇ ಇರಲಿಲ್ಲ, ಮೇಲೆ ಹಾಳೆಯ ಹಾಗೆ ಕೂತಿತ್ತು. ಬೀಟೆಯೊಳಗೆ ಎಣ್ಣೆಯಂಶ ಇದೆ. ಕೊಯ್ದು ದಿನ ಕಳೆದ ಹಾಗೆ ಅದು ಮೇಲಕ್ಕೆ ಬರುತ್ತದೆ. ಕಚ್ಚನ್ನು ಸ್ವಲ್ಪ ಕೆತ್ತಿ ಹೊಸ ಮೈ ತೆಗೆದು, ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಆರಿದ ತಕ್ಷಣ ಅಂಟು ಹಾಕಿದೆ. ಆಮೇಲೆ ಅಲುಗಾಡಲಿಲ್ಲ.

ಮುಚ್ಚಳದ ಮೇಲೆ ಒಂದು ವೀಳ್ಯದೆಲೆಯ ಆಕಾರ ಕೂರಿಸಬೇಕು ಅಂದುಕೊಂಡಿದ್ದೆ. ಮೈಸೂರಿನ ಬೀಟೆ ಕುಂದಣದ ಕೆಲಸ ನೋಡಿದವರಿಗೆ ಆ ಆಸೆ ಬರದೇ ಇರುವುದಿಲ್ಲ. ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲಿಗೆ ದಂತ ಕೂರಿಸಿದ್ದಾರೆ. ದಂತದ ಕಾಲ ಮುಗಿಯಿತು, ಮುಗಿದದ್ದೇ ಒಳ್ಳೆಯದು. ನಾನು ಆಲೆ ಮರ ತೆಗೆದುಕೊಂಡೆ. ಚನ್ನಪಟ್ಟಣದ ಬೊಂಬೆಗಳ ಮರ. ಹಾಲಿನ ಬಣ್ಣ, ಹೆಸರಿಗೂ ಎಳೆ ಕಾಣದಷ್ಟು ನುಣುಪು. ಎಲೆಯ ಆಕಾರ ಕೊಯ್ದು, ಅದನ್ನೇ ಬೀಟೆಯ ಮೇಲಿಟ್ಟು ಚೂಪು ಚಾಕುವಿನಲ್ಲಿ ಸುತ್ತ ಗೀಚಿ, ಎರಡು ಮಿಲಿಮೀಟರ್ ಆಳ ಕೆತ್ತಿ ಕೂರಿಸಿದೆ.

ಆಮೇಲೆ ಪಾಲಿಶ್. ಮುಚ್ಚಳದ ಒಳಮೈಗೆ ಅಗಸೆ ಎಣ್ಣೆ ಸವರಿದೆ. ತೇಗಕ್ಕೆ, ಹಲಸಿಗೆ ನಾನು ಅದನ್ನೇ ಹಾಕುವುದು. ಹತ್ತು ದಿನವಾದರೂ ಕೈಗೆ ಅಂಟುತ್ತಿತ್ತು. ಬೀಟೆಯೊಳಗಿನ ಕೆಲವು ವಸ್ತುಗಳು ಎಣ್ಣೆಯನ್ನು ಗಾಳಿಯೊಂದಿಗೆ ಸೇರಿ ಗಟ್ಟಿಯಾಗಲು ಬಿಡುವುದಿಲ್ಲ. ಗೆದ್ದಲಿನಿಂದ ಮರವನ್ನು ಕಾಯುವುದೂ ಇಂಥ ವಸ್ತುಗಳೇ. ಟರ್ಪೆಂಟೈನ್ ಹಾಕಿ ಪೂರಾ ಒರೆಸಿ ತೆಗೆದು, ಅರಗಿಗೆ ಬಂದೆ. ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯ ಉಂಡೆಯಲ್ಲಿ ಸವರುವ ಹಳೇ ಫ್ರೆಂಚ್ ಪಾಲಿಶ್. ಅದಕ್ಕೆ ಬೀಟೆಯ ಎಣ್ಣೆ ಅಡ್ಡಿ ಮಾಡುವುದಿಲ್ಲ.

ಆದರೆ ಸ್ಪಿರಿಟ್ ತಾಗಿದ ಕೂಡಲೇ ಬೀಟೆ ಬಣ್ಣ ಬಿಡುತ್ತದೆ. ಪುಣ್ಯಕ್ಕೆ ಒಂದು ಬೇಡದ ಚೂರಿನ ಮೇಲೆ ಮೊದಲು ಮಾಡಿ ನೋಡಿದ್ದೆ. ಬಟ್ಟೆ ನೇರಳೆಯಾಯಿತು, ಬಿಳಿ ಆಲೆ ಮರದ ಮೇಲೆ ಆ ನೇರಳೆ ಹರಡಿ ಕೂತಿತು. ಅದನ್ನು ಮುಚ್ಚಳದ ಮೇಲೆ ಊಹಿಸಿಕೊಂಡರೆ ಎದೆ ಧಸಕ್ಕೆನ್ನುತ್ತದೆ. ಹಾಗಾಗಿ ಮೊದಲು ಸಣ್ಣ ಕುಂಚದಲ್ಲಿ ಎಲೆಯ ಮೇಲೆ ಮಾತ್ರ ಮೂರು ಸಲ ಅರಗು ಹಾಕಿ ಆರಿಸಿದೆ. ಬಿಳಿಗೆ ಕವಚ ಸಿಕ್ಕಿತು. ಆಮೇಲೆ ಎಲೆಯಿಂದ ಹೊರಕ್ಕೆ ಸವರುತ್ತಾ ಹೋದೆ, ಬೀಟೆಯಿಂದ ಎಲೆಯ ಕಡೆಗೆ ಒಮ್ಮೆಯೂ ಅಲ್ಲ. ದಿನಕ್ಕೆ ಎರಡು ಪದರ, ಒಟ್ಟು ಹದಿನಾಲ್ಕು. ಮಧ್ಯೆ ಮಧ್ಯೆ ನುಣ್ಣನೆಯ ಬೀಟೆ ಹುಡಿಯನ್ನೇ ಅರಗಿನೊಂದಿಗೆ ಉಜ್ಜಿ ತೂತು ತುಂಬಿದೆ.

ಒಳಗಿನ ಕೋಣೆಗಳಿಗೆ ಅರಗು ಹಾಕಲಿಲ್ಲ, ಜೇನುಮೇಣ ಮಾತ್ರ. ಕವಳದ ಪೆಟ್ಟಿಗೆಯಲ್ಲಿ ಸುಣ್ಣ ಇರುತ್ತದೆ. ಸುಣ್ಣದ ನೀರು ತಾಗಿದರೆ ಅರಗು ಕರಗುತ್ತದೆ.

ಗಣಪತಿ ಹಬ್ಬಕ್ಕೆ ಪೆಟ್ಟಿಗೆಯನ್ನು ಅಪ್ಪಯ್ಯನ ಮುಂದಿಟ್ಟೆ. ಅವರು ಮೊದಲು ಮಾಡಿದ್ದು ತಿರುಗಿಸಿ ತಳ ನೋಡಿದ್ದು. "ಇದು ಮತ್ತಿ ಅಲ್ವನೋ" ಅಂದರು. ಮಳೆಗೆ ತಳ ಹಿಗ್ಗಿ, ನಾನು ಬಿಟ್ಟ ಎರಡು ಮಿಲಿಮೀಟರ್ ಜಾಗ ತುಂಬಿಕೊಂಡಿತ್ತು. ಮೂಲೆಗಳು ಬಿಗಿಯಾಗೇ ಇದ್ದವು.

ಈಗ ಮುಚ್ಚಳದ ಬಲ ಮೂಲೆಯಲ್ಲಿ ಒಂದು ಬಿಳಿ ಕಲೆ ಇದೆ. ಸುಣ್ಣದ ಬೆರಳಲ್ಲೇ ಅವರು ಮುಚ್ಚಳ ಹಾಕುತ್ತಾರೆ. ಊರಿಗೆ ಹೋದಾಗಲೆಲ್ಲ ಆ ಮೂಲೆಗೆ ಎರಡು ಪದರ ಅರಗು ಸವರಿ ಬರುತ್ತೇನೆ. ಒಂದು ಸಣ್ಣ ಬಾಟಲಿ ಅರಗು ಅಲ್ಲೇ ಕಿಟಕಿಯಲ್ಲಿ ಇಟ್ಟಿದ್ದೇನೆ.